ಅಡುಗೆಮನೆ ಬಾಗಿಲಿನ ಸಿದ್ಧಾಂತ

ಆ ಮನೆಯ ಬಗ್ಗೆ ಬೀದಿಯವರು ಹೇಳುತ್ತಿದ್ದುದು ಇಷ್ಟೇ: ‘ಅಲ್ಲಿ ಎರಡು ಕಾಲಿನವರು ಇಬ್ಬರೇ. ಮಿಕ್ಕವರೆಲ್ಲ ಆರು ಕಾಲಿನವರು, ಎಂಟು ಕಾಲಿನವರು, ಲೆಕ್ಕಕ್ಕೆ ಸಿಗದಷ್ಟು ಕಾಲಿನವರು.’ ಎದುರು ಮನೆಯ ಹೆಂಗಸು ಇದಕ್ಕೆ ತನ್ನದೊಂದು ಸಾಲು ಸೇರಿಸುತ್ತಿದ್ದಳು: ‘ಆ ಎರಡು ಕಾಲಿನವರಲ್ಲೂ ಬುದ್ಧಿ ಇರೋದು ಒಬ್ಬಳಿಗೇ.’

ಬುದ್ಧಿ ಇದ್ದವಳು ಟೇಲರ್ ಅಕ್ಕ. ಇಲ್ಲದವಳು ಅವಳ ಒಡಹುಟ್ಟಿದ ತಂಗಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಬೀದಿಯ ಬಾಯಲ್ಲಿ ಅವಳು ‘ಹುಳದ ಟೀಚರ್’.

ಆ ಹೆಸರು ಕಿವಿಗೆ ಬಿದ್ದ ದಿನವೇ ಟೀಚರ್ ಅದನ್ನು ತಾನೇ ಸ್ಟಾಫ್ ರೂಮಿಗೆ ಹೊತ್ತುಕೊಂಡು ಹೋಗಿ ಎಲ್ಲರಿಗೂ ಹಂಚಿಬಿಟ್ಟಳು. ಬೇರೆಯವರು ನಗುವ ಮೊದಲೇ ನಮ್ಮನ್ನು ನೋಡಿ ನಾವೇ ನಕ್ಕುಬಿಟ್ಟರೆ ಅವರಿಗೆ ಉಳಿಯುವುದು ಬರೀ ಹಲ್ಲು ಎಂಬುದು ಅವಳ ನಂಬಿಕೆ. ಈ ನಂಬಿಕೆಯ ಬಲದಿಂದಲೇ ಅವಳು ಮದುವೆಯಾಗದ ಮಾತನ್ನೂ, ದಪ್ಪ ಕನ್ನಡಕವನ್ನೂ, ಸೀರೆಯ ಸೆರಗಿಗೆ ಸದಾ ಅಂಟಿಕೊಂಡಿರುತ್ತಿದ್ದ ಮಣ್ಣನ್ನೂ ನಿಭಾಯಿಸಿದ್ದಳು. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವವಳಿಗೆ ತನ್ನ ತಪ್ಪುಗಳೆಲ್ಲ ಗೊತ್ತಿರುತ್ತವೆ ಎಂದು ಜನ ತಿಳಿಯುತ್ತಾರೆ. ಅವಳೂ ಹಾಗೆಯೇ ತಿಳಿದಿದ್ದಳು. ಕತೆ ಶುರುವಾಗುವುದೇ ಅಲ್ಲಿ.

ಮನೆ ಅವಳದಲ್ಲ, ಅಕ್ಕನದು. ಸರಿಯಾಗಿ ಹೇಳಬೇಕೆಂದರೆ ಭಾವನ ಕೈಯದು. ಭಾವ ಪೀಠೋಪಕರಣ ಮಾಡುವ ಕಾರ್ಖಾನೆಯಲ್ಲಿ ಬಡಗಿ. ಅಲ್ಲಿ ಕೊಯ್ದು ಮಿಕ್ಕ ಮರದ ತುಂಡುಗಳನ್ನು ಯಜಮಾನರನ್ನು ಕೇಳಿ ತಂದು, ಕೂಡಿಸಿ, ಕೂಡಿಸಿ, ಒಂದೊಂದೇ ಬಾಗಿಲು ಮಾಡಿದವನು. ಹಾಗಾಗಿ ಆ ಮನೆಯ ಒಂದು ಬಾಗಿಲು ಇನ್ನೊಂದಕ್ಕೆ ಅಕ್ಕತಂಗಿಯೂ ಅಲ್ಲ, ಓರಗಿತ್ತಿಯೂ ಅಲ್ಲ. ಮುಂಬಾಗಿಲು ಕೆಂಪು, ನಡುಮನೆಯದು ಹಳದಿ, ಬಚ್ಚಲಿನದು ಮೂರು ಬಣ್ಣ. ಅಡುಗೆಮನೆಯ ಬಾಗಿಲು ಮಾತ್ರ ಒಂದೇ ಹಲಗೆಯದು, ಅಗಲವಾದದ್ದು. ಯಾರೋ ದೊಡ್ಡವರ ಊಟದ ಮೇಜಿಗೆಂದು ಕೊಯ್ದು, ಅಳತೆ ತಪ್ಪಿ ಉಳಿದದ್ದು. ಅದನ್ನು ನಿಲ್ಲಿಸಿದ ದಿನ ಭಾವ ಅಕ್ಕನಿಗೆ ಹೇಳಿದ್ದನಂತೆ: ‘ನೋಡು, ದೊಡ್ಡವರ ಮೇಜಿನ ಮೇಲೆ ಊಟ ಮಾಡೋ ಯೋಗ ನಮಗಿಲ್ಲ. ಅದರ ಒಳಗೇ ಹೊಕ್ಕು ಅಡುಗೆ ಮಾಡೋಣ.’

ತಂಗಿಗೆ ಕೆಲಸ ಸಿಕ್ಕಿದಾಗ, ‘ಬಾಡಿಗೆಮನೆ ಯಾಕೆ, ನಮ್ಮಲ್ಲಿ ಬಾಗಿಲಿಗೇನು ಕಮ್ಮಿಯೇ?’ ಎಂದು ಕರೆತಂದವನೂ ಅವನೇ. ಅವನು ತೀರಿಕೊಂಡ ಮೇಲೆ ಅಕ್ಕ ನಡುಮನೆಯಲ್ಲಿ ಹೊಲಿಗೆ ಮೆಷಿನ್ನು ಹಾಕಿದಳು. ಶಾಲೆಯ ಸಮವಸ್ತ್ರವೆಲ್ಲ ಅವಳ ಕೈಯಲ್ಲೇ ಹೊಲಿಗೆಯಾಗುತ್ತಿತ್ತು. ಅಕ್ಕ ಮಕ್ಕಳ ಮೈಗೆ ಅಳತೆ ಹಿಡಿಯುವವಳು, ತಂಗಿ ತಲೆಗೆ ಹಿಡಿಯುವವಳು ಎಂದು ಹೆಡ್ ಮಾಸ್ಟರು ಹೇಳುತ್ತಿದ್ದರು. ‘ನನ್ನ ಅಳತೆ ತಪ್ಪಿದರೆ ಬಿಚ್ಚಿ ಹೊಲೀಬಹುದು ಸಾರ್. ಅವಳದ್ದನ್ನ ಬಿಚ್ಚೋರು ಯಾರು?’ ಎಂದು ಅಕ್ಕ ಕೇಳುತ್ತಿದ್ದಳು.

ಟೀಚರಿಗೆ ಹುಳದ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಅವಳ ಡಿಗ್ರಿಯಲ್ಲಿ ಹುಳಗಳಿದ್ದವು, ಆದರೆ ಕಾಗದದ ಮೇಲೆ, ಬಾಣದ ಗುರುತು ಹಾಕಿಸಿಕೊಂಡು ಸುಮ್ಮನೆ ಬಿದ್ದಿದ್ದವು. ಒಂದು ವರ್ಷ ಪರೀಕ್ಷೆಯಲ್ಲಿ ಅವಳು ‘ನಿಮ್ಮ ಸುತ್ತಮುತ್ತಲಿನ ಒಂದು ಆಹಾರ ಸರಪಳಿಯನ್ನು ಬರೆಯಿರಿ’ ಎಂದು ಕೇಳಿದಳು. ಇಡೀ ತರಗತಿ ಪಾಠದಲ್ಲಿದ್ದ ಹುಲ್ಲು, ಜಿಂಕೆ, ಸಿಂಹವನ್ನೇ ಬರೆದಿತ್ತು. ಒಬ್ಬ ಪ್ರಾಮಾಣಿಕ ಹುಡುಗ ಮಾತ್ರ ಹೀಗೆ ಬರೆದಿದ್ದ: ‘ನಮ್ಮ ಬೀದಿಯಲ್ಲಿ ಸಿಂಹ ಇಲ್ಲ. ಆದ್ದರಿಂದ ಆಹಾರ ಸರಪಳಿಯೂ ಇಲ್ಲ.’

ಟೀಚರ್ ನಕ್ಕಳು. ನಕ್ಕವಳು ಕೆಂಪು ಪೆನ್ನು ಹಿಡಿದು ಸರಿಯುತ್ತರ ಬರೆಯಲು ಹೋದಳು. ಬರೆಯಲು ಬರಲಿಲ್ಲ. ಬೀದಿಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದು ಹಿತ್ತಲಿನಲ್ಲಿ ಒಂದು ಹೂಕುಂಡವನ್ನು ಎತ್ತಿ ನೋಡಿದಳು. ಅದರಡಿಯಿಂದ ನೂರು ಕಾಲಿನದೊಂದು ಸರ್ರನೆ ಹರಿದದ್ದೇ ತಡ, ಪ್ರಾಣಿಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವಳು ಚೀರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ಆಗ ಇನ್ನೂ ಬದುಕಿದ್ದ ಭಾವ ಕೈಹಿಡಿದು ಇಳಿಸುತ್ತ, ‘ಪಾಪ, ಅದಕ್ಕೆ ನಿನ್ನ ಮಾರ್ಕ್ಸ್ ಕಾರ್ಡ್ ತೋರಿಸಬೇಕಿತ್ತು,’ ಎಂದ. ಈ ಕತೆಯನ್ನು ಟೀಚರ್ ಪ್ರತಿ ವರ್ಷ ಹೊಸ ತರಗತಿಗೆ ಮೊದಲ ದಿನವೇ ಹೇಳುತ್ತಿದ್ದಳು, ಕಲ್ಲಿನ ಮೇಲೆ ನಿಂತ ಭಂಗಿಯನ್ನು ಕುರ್ಚಿಯ ಮೇಲೆ ಹತ್ತಿ ತೋರಿಸುತ್ತಿದ್ದಳು.

ಶಾಲೆಯಲ್ಲಿ ನೋಡೋಣವೆಂದರೆ ನೋಡಲು ಏನೂ ಇರಲಿಲ್ಲ. ಹೆಡ್ ಮಾಸ್ಟರು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ‘ಒಂದು ಹುಲ್ಲುಕಡ್ಡಿ ಹುಡುಕಿ ತೋರಿಸಿ ನೋಡೋಣ’ ಎಂದು ಎದೆ ಉಬ್ಬಿಸುವವರು. ಹಾಗಾಗಿ ವಾರಕ್ಕೊಮ್ಮೆ ಕೊನೆಯ ಪಿರಿಯಡ್ಡಿಗೆ ತರಗತಿ ಸಾಲಾಗಿ ಎರಡು ತಿರುವು ದಾಟಿ ಟೇಲರ್ ಅಕ್ಕನ ಹಿತ್ತಲಿಗೆ ಬರತೊಡಗಿತು. ಕಲ್ಲು ಎತ್ತು, ನೋಡು, ಹಾಗೆಯೇ ಇಡು. ಕಂಡದ್ದಕ್ಕೆಲ್ಲ ಮೂರು ಪ್ರಶ್ನೆ ಕೇಳು: ಇದು ಯಾರು? ಇದು ಯಾರನ್ನು ತಿನ್ನುತ್ತೆ? ಇದನ್ನು ಯಾರು ತಿನ್ನುತ್ತಾರೆ? ‘ಓದೋದು ಅಂದ್ರೆ ಬರೀ ಅಕ್ಷರ ಓದೋದಲ್ಲ ಮಕ್ಕಳೇ,’ ಎನ್ನುತ್ತಿದ್ದಳು ಟೀಚರ್, ಗಂಟಲು ಸ್ವಲ್ಪ ದಪ್ಪ ಮಾಡಿಕೊಂಡು. ‘ಗೋಡೆ ಓದಬೇಕು, ಎಲೆ ಓದಬೇಕು, ಮಣ್ಣು ಓದಬೇಕು.’

‘ಮನೆ ಗುಡಿಸೋದನ್ನೂ ಓದಬೇಕು,’ ಎಂದು ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. ಮಕ್ಕಳು ನಗುತ್ತಿದ್ದರು. ಅಕ್ಕನನ್ನು ಅವರು ದೊಡ್ಡಮ್ಮ ಎನ್ನುತ್ತಿದ್ದರು. ಅವಳು ಮೇಲೆ ಮೇಲೆ ಗೊಣಗಿದರೂ ಯಾರ ಅಂಗಿಯ ಗುಂಡಿ ಬಿದ್ದಿದ್ದರೂ ಹಿಡಿದು ನಿಲ್ಲಿಸಿ ಅಲ್ಲೇ ಹೊಲಿದು ಕಳಿಸುತ್ತಿದ್ದಳು.

ಹೀಗಿರುವಾಗ ಒಂದು ಮಳೆಗಾಲ ಕಳೆದ ಮೇಲೆ ಹಿತ್ತಲ ಗೋಡೆಯ ಬುಡದಲ್ಲಿ ಮಣ್ಣಿನ ಗೆರೆಯೊಂದು ಕಾಣಿಸಿಕೊಂಡಿತು. ಬೆರಳಿನಷ್ಟು ದಪ್ಪ, ಮೊಳದಷ್ಟು ಉದ್ದ. ಗೆದ್ದಲು. ಅಕ್ಕ ಪೊರಕೆ ಎತ್ತಿದಳು.

‘ಅಕ್ಕಾ! ಮುಟ್ಟಬೇಡ! ಪಾಠ!’

ಅಕ್ಕನ ಕೈ ಹಾಗೆಯೇ ನಿಂತಿತು. ‘ಇದೂ ಪಾಠವೇನೇ?’

‘ಇದೇ ಪಾಠ. ಇವು ಇಲ್ಲದಿದ್ದರೆ ಸತ್ತ ಮರ ಎಲ್ಲ ಹಾಗೇ ರಾಶಿ ಬೀಳ್ತಿತ್ತು. ಲೋಕದ ಕಸ ಗುಡಿಸೋದು ಇವೇ.’

‘ಲೋಕದ್ದು ಗುಡಿಸಲಿ. ನಮ್ಮ ಗೋಡೆ ಮೇಲೆ ಏನು ಕೆಲಸ?’

‘ಎರಡು ತಿಂಗಳು ಬಿಡಕ್ಕ, ನಾನು ನೋಡ್ಕೊಳ್ತೀನಿ.’

ನೋಡಿಕೊಂಡಳು. ಅದರಲ್ಲಿ ಸುಳ್ಳಿಲ್ಲ. ಅಷ್ಟು ಚೆನ್ನಾಗಿ ಗೆದ್ದಲನ್ನು ನೋಡಿಕೊಂಡವರು ಇನ್ನೊಬ್ಬರಿರಲಿಕ್ಕಿಲ್ಲ. ತರಗತಿ ಬಂದಾಗಲೆಲ್ಲ ಗೆರೆಯ ತುದಿ ಎಲ್ಲಿಗೆ ಮುಟ್ಟಿದೆಯೋ ಅಲ್ಲಿ ಸೀಮೆಸುಣ್ಣದಿಂದ ಅಡ್ಡಗೀಟು ಹಾಕುವುದು. ಗೀಟು ಹಾಕುವ ಕೆಲಸ ಒಂಬತ್ತನೆಯ ತರಗತಿಯ ಉದ್ದನೆಯ ಹುಡುಗಿಯೊಬ್ಬಳದು. ಕೈ ಎತ್ತಿದರೆ ಎಲ್ಲಿಗೂ ಎಟಕುತ್ತಿದ್ದ ಅವಳಿಗೆ ಸೀಮೆಸುಣ್ಣ ಎಂದೇ ಹೆಸರು ಬಿತ್ತು. ಕೊಳವೆಯನ್ನು ಒಂದಿಷ್ಟು ಒಡೆದು, ಒಳಗಿನ ಬಿಳಿ ಮೈಯವು ಕಂಗಾಲಾಗಿ ಓಡಾಡುವುದನ್ನೂ, ದಪ್ಪ ತಲೆಯ ಸಿಪಾಯಿಗಳು ಕಾವಲಿಗೆ ಬಂದು ನಿಲ್ಲುವುದನ್ನೂ, ಹಿಂದೆಯೇ ಕೂಲಿಯವು ಒಂದೊಂದು ಮಣ್ಣುಂಡೆ ತಂದು ಒಡೆದದ್ದನ್ನು ಮುಚ್ಚುವುದನ್ನೂ ಮಕ್ಕಳು ಉಸಿರು ಹಿಡಿದು ನೋಡುತ್ತಿದ್ದರು. ಪರೀಕ್ಷೆಯೊಳಗೆ ಗೆರೆ ಕಿಟಕಿಯ ಎತ್ತರ ದಾಟುತ್ತದೋ ಇಲ್ಲವೋ ಎಂದು ಪಂದ್ಯ ನಡೆಯಿತು. ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಅವಳು ಕೇಳಿದ ಎರಡು ತಿಂಗಳು ಮುಗಿದು ಎಷ್ಟೋ ಕಾಲವಾಗಿತ್ತು. ಅಕ್ಕ ಅದನ್ನು ಎತ್ತಲಿಲ್ಲ. ತಂಗಿಗೆ ಅದು ನೆನಪೇ ಇರಲಿಲ್ಲ.

ಒಮ್ಮೆ ಸೀಮೆಸುಣ್ಣ ಕತ್ತೆತ್ತಿ ಸೂರಿನತ್ತ ನೋಡುತ್ತ ಕೇಳಿದಳು: ‘ಮಿಸ್, ಇವು ಎಲ್ಲಿಗೆ ಹೋಗ್ತಿವೆ?’

‘ಶಭಾಷ್! ಒಳ್ಳೆ ಪ್ರಶ್ನೆ!’ ಎಂದು ಟೀಚರ್ ಆ ಪಿರಿಯಡ್ಡು ಮುಗಿಯುವ ತನಕ ಗೆದ್ದಲಿನ ಹೊಟ್ಟೆಯೊಳಗೆ ಮರವನ್ನು ಅರಗಿಸುವ ಸೂಕ್ಷ್ಮ ಜೀವಿಗಳ ಬಗ್ಗೆ ಹೇಳಿದಳು. ಚೆನ್ನಾಗಿ ಹೇಳಿದಳು. ಮೇಲೆ ಮಾತ್ರ ನೋಡಲಿಲ್ಲ.

ಇನ್ನು ಆ ಸಿದ್ಧಾಂತದ ವಿಷಯ. ಗೆದ್ದಲಿನ ದಾರಿ ಗೋಡೆಯ ಮೇಲೆ ಎರಡಾಗಿ ಕವಲೊಡೆದಿತ್ತು. ಒಂದು ಸೀದಾ ಸೂರಿಗೆ. ಇನ್ನೊಂದು ಹಿತ್ತಲಿಗೆ ತೆರೆಯುವ ಅಡುಗೆಮನೆಯ ಬಾಗಿಲ ಕಡೆಗೆ. ಸೂರಿನ ಕವಲು ಬೆಳೆಯುತ್ತಲೇ ಹೋಯಿತು. ಅಡುಗೆಮನೆಯದು ಬಾಗಿಲಿಗೆ ಒಂದು ಗೇಣು ಇರುವಾಗ ನಿಂತಿತು. ಮುಂದಿನ ವಾರವೂ ಅಲ್ಲೇ, ಅದರ ಮುಂದಿನ ವಾರವೂ ಅಲ್ಲೇ. ಯಾಕೆ? ಟೀಚರ್ ಗಲ್ಲಕ್ಕೆ ಕೈಕೊಟ್ಟು ಯೋಚಿಸಿದಳು. ಯೋಚಿಸಿ, ಅಡುಗೆಮನೆಯ ಬಿಸಿಗೂ ಹೊಗೆಗೂ ಹೆದರಿ ಗೆದ್ದಲು ಆ ದಾರಿಯನ್ನು ತಾನೇ ಕೈಬಿಟ್ಟಿದೆ ಎಂದು ತೀರ್ಮಾನಿಸಿದಳು. ಬೋರ್ಡಿನ ಮೇಲೆ ಚಿತ್ರ ಬರೆದಳು. ವಾರ್ಷಿಕ ಪರೀಕ್ಷೆಯಲ್ಲಿ ‘ಕಾರಣ ಕೊಡಿ’ ಎಂದು ಕೇಳಿದಳು. ಹೊಗೆ ಎಂದು ಬರೆದವರಿಗೆ ಪೂರ್ತಿ ಅಂಕ ಕೊಟ್ಟಳು. ‘ಗೊತ್ತಿಲ್ಲ, ದೊಡ್ಡಮ್ಮನನ್ನು ಕೇಳಬೇಕು’ ಎಂದು ಬರೆದ ಸೀಮೆಸುಣ್ಣಕ್ಕೆ ಸೊನ್ನೆ.

ಮೇಲಿನಿಂದ ಪಾಠ ನೋಡಲು ಬಂದ ಪರಿವೀಕ್ಷಕರಿಗಂತೂ ಈ ಸಿದ್ಧಾಂತ ಬಹಳ ಹಿಡಿಸಿತು. ‘ಸ್ವಂತ ವೀಕ್ಷಣೆ! ಸ್ವಂತ ತೀರ್ಮಾನ!’ ಎಂದು ತಲೆದೂಗಿದರು. ಕೆಲವು ದಿನಗಳ ಮೇಲೆ ‘ಮಾದರಿ ಪಾಠ’ ಎಂಬ ಪ್ರಶಸ್ತಿ ಪತ್ರ ಬಂತು. ಟೀಚರ್ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತಗುಲಿಸಿದಳು. ನಾಚಿಕೆಗೆಂದು ಸ್ವಲ್ಪ ಮೂಲೆಯಲ್ಲಿ, ಕಾಣಲಿ ಎಂದು ಸ್ವಲ್ಪ ಎತ್ತರದಲ್ಲಿ.

ಬಯಲಾದದ್ದು ಒಂದು ಬೆಳಿಗ್ಗೆ. ಅಕ್ಕ ತನ್ನ ಅಳತೆಯ ಟೇಪನ್ನು ನಡುಮನೆಯ ಬಾಗಿಲಿನ ಚೌಕಟ್ಟಿಗೆ ಹೊಡೆದಿದ್ದ ಮೊಳೆಗೆ ನೇತುಹಾಕುವುದು ವಾಡಿಕೆ. ಅಂದು ಟೇಪು ಹಾಕಿದಳು, ಮೊಳೆ ಟೇಪಿನ ಜೊತೆಗೇ ಕೆಳಗೆ ಬಂತು. ಇದೇನೆಂದು ಆ ತೂತಿಗೆ ಬೆರಳಿಟ್ಟಳು. ಬೆರಳು ಒಳಗೆ ಹೋಯಿತು. ಬೆರಳಿನ ಹಿಂದೆ ಅಂಗೈ ಹೋಯಿತು.

‘ಇಲ್ಲಿ ಬಾರೇ,’ ಎಂದಳು. ದನಿ ಎತ್ತರಿಸಲಿಲ್ಲ.

ಟೀಚರ್ ಬಂದು ನೋಡಿದಳು. ಹೊರಗಿನಿಂದ ಹಳದಿ ಬಣ್ಣ ಹಾಗೆಯೇ ಹೊಳೆಯುತ್ತಿದೆ. ಒಳಗೆ ಮರ ಎಂಬುದೇ ಇಲ್ಲ. ಪದರ ಪದರವಾಗಿ ಟೊಳ್ಳು, ಮಣ್ಣು, ಅದರ ನಡುವೆ ಬಿಳಿ ಬಿಳಿ ಓಡಾಟ. ಅವಳ ಬಾಯಿಂದ ಹೊರಟ ಮೊದಲ ಮಾತು ಇದು:

‘ಅಯ್ಯೋ ಅಕ್ಕಾ, ಕೈ ಹಾಗೇ ಇಟ್ಕೊಂಡಿರು, ತೆಗೀಬೇಡ! ಮಕ್ಕಳಿಗೆ ಒಂದು ಫೋಟೊ...’

ಅರ್ಧಕ್ಕೆ ನಿಂತಳು. ಆಡಿದ ಮಾತು ಆಡಿದವಳ ಕಿವಿಗೇ ತಿರುಗಿ ಬಂದು ಬಡಿಯಿತು. ಅಕ್ಕ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ಮೆಷಿನ್ನಿನ ಮುಂದೆ ಹೋಗಿ ಕುಳಿತಳು. ಹೊಲಿಯಲು ಬಟ್ಟೆ ಇರಲಿಲ್ಲ. ಬರಿದೇ ತುಳಿದಳು.

ಭಾವನ ಹತ್ತಿರ ಕೆಲಸ ಕಲಿತಿದ್ದ ಬಡಗಿಯನ್ನು ಕರೆಸಿದರು. ಅವನು ಏಣಿ ಹಾಕಿ ಹೆಂಚು ಸರಿಸಿದ. ತೊಲೆಯನ್ನು ಉಳಿಯಿಂದ ಒತ್ತಿದ. ಉಳಿಯ ಹಿಡಿಕೆ ಮಾತ್ರ ಹೊರಗೆ ಉಳಿಯಿತು.

‘ಒಂದು ಕವಲು ಸೂರಿನ ಕಡೆಗೆ ಹೋಗಿತ್ತು,’ ಎಂದಳು ಟೀಚರ್ ಕೆಳಗಿನಿಂದ. ಸುಮ್ಮನಿರಲು ಅವಳಿಗೆ ಬರುತ್ತಿರಲಿಲ್ಲ. ‘ಅಲ್ಲಿಂದ ಗೋಡೆ ಮೇಲಿನ ಅಡ್ಡತೊಲೆ, ಅಲ್ಲಿಂದ ಜಂತೆ, ಆಮೇಲೆ ಚೌಕಟ್ಟಿನ ಒಳಗಿಂದ ಕೆಳಕ್ಕೆ. ಬಣ್ಣದ ಪದರ ಬಿಟ್ಟು ತಿರುಳು ಮಾತ್ರ ತಿಂತವೆ. ಬೆಳಕು ಗಾಳಿ ತಾಗಿದ್ರೆ ಮೈ ಒಣಗುತ್ತಲ್ಲ, ಅದಕ್ಕೆ.’

ಬಡಗಿ ಏಣಿಯ ಮೇಲಿನಿಂದಲೇ ಬಗ್ಗಿ ನೋಡಿದ. ‘ಎಲ್ಲಾ ಗೊತ್ತಿತ್ತಾ ಟೀಚರ್?’

‘ಎಲ್ಲಾ ಗೊತ್ತಿತ್ತಪ್ಪ.’

‘ಮತ್ತೆ?’

ಪುಸ್ತಕದಲ್ಲಿ ಗೆದ್ದಲು ಒಂದು ಅಧ್ಯಾಯ, ಮನೆ ಇನ್ನೊಂದು ಅಧ್ಯಾಯ. ಅವಳ ಸರಪಳಿಯಲ್ಲಿ ಮರ ಇತ್ತು, ಗೆದ್ದಲು ಇತ್ತು, ಗೆದ್ದಲು ತಿನ್ನುವ ಹಲ್ಲಿ ಇತ್ತು. ಆ ಮರ ಭಾವ ನಿಲ್ಲಿಸಿದ್ದು, ಅದರಡಿಯಲ್ಲಿ ಅಕ್ಕ ಕುಳಿತು ಗುಂಡಿ ಹೊಲಿಯುತ್ತಾಳೆ ಎಂಬುದು ಇರಲಿಲ್ಲ. ತಾನಂತೂ ಸರಪಳಿಯ ಹೊರಗೆ, ಸೀಮೆಸುಣ್ಣ ಹಿಡಿದುಕೊಂಡು, ಚಪ್ಪಾಳೆ ತಟ್ಟುತ್ತ ನಿಂತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ತೊಲೆ ಬದಲಾಯಿಸಬೇಕಾದರೆ ಇಡೀ ಸೂರು ಇಳಿಸಬೇಕು, ಸೂರು ಇಳಿಸಿದರೆ ಟೊಳ್ಳು ಚೌಕಟ್ಟುಗಳು ಗೋಡೆಯನ್ನೂ ಕರೆದುಕೊಂಡು ಬರುತ್ತವೆ ಎಂದ ಬಡಗಿ. ಮತ್ತೆ ಕಟ್ಟಿಸುವಷ್ಟು ದುಡ್ಡು ಇರಲಿಲ್ಲ. ಮುಂದಿನ ಮಳೆಗೆ ಮೊದಲು ಇಬ್ಬರೂ ಹೊರಬೀಳಬೇಕು. ಅಂದು ಟೀಚರ್ ಏನನ್ನೋ ಒರೆಸಿ ಹಗುರಾಗಲೆಂದು ಪ್ರಶಸ್ತಿ ಪತ್ರದ ಕಟ್ಟನ್ನು ಗೋಡೆಯಿಂದ ಇಳಿಸಿದಳು. ಗಾಜು ಗಾಜಾಗಿಯೇ ಇತ್ತು. ಹಿಂದಿನ ರಟ್ಟು ಇರಲಿಲ್ಲ. ಪತ್ರದಲ್ಲಿ ‘ಮಾದರಿ’ ಎಂಬುದು ಗೆದ್ದಲಿನ ಹೊಟ್ಟೆ ಸೇರಿ ‘ಪಾಠ’ ಒಂದು ಉಳಿದಿತ್ತು. ಬೇರೆ ದಿನವಾಗಿದ್ದರೆ ಅವಳು ಇದನ್ನು ಎತ್ತಿಕೊಂಡು ಸ್ಟಾಫ್ ರೂಮಿಗೆ ಓಡುತ್ತಿದ್ದಳು. ಅಂದು ಹಾಸಿಗೆಯ ಅಡಿಗೆ ತಳ್ಳಿದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ತಂಗಿಯ ಜೊತೆ ಮಾತು ಬಿಟ್ಟು ಗೋಡೆಯ ಜೊತೆ ಶುರುಮಾಡಿದಳು. ‘ಊಟ ಮುಚ್ಚಿಟ್ಟಿದೆ. ತಿನ್ನೋರು ತಿನ್ನಬಹುದು. ತಿನ್ನೋರಿಗೇನು ಈ ಮನೇಲಿ ಬರವಿಲ್ಲ.’ ಒಂದು ಸಂಜೆ ಅದೇ ಗೋಡೆಗೆ ಹೇಳಿದಳು: ‘ಬಟ್ಟೆ ಅಂಗಡಿ ಮಹಡಿ ಮೇಲೆ ಒಂದು ರೂಮು ಖಾಲಿ ಇದೆಯಂತೆ. ಒಂದೇ ರೂಮು.’

‘ಒಂದೇ’ ಎನ್ನುವಾಗ ಅಕ್ಕ ಒತ್ತಿ ಹೇಳಿದಳೋ, ತನಗೆ ಹಾಗೆ ಕೇಳಿಸಿತೋ, ಟೀಚರ್ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಕೇಳಿಬಿಡಬಹುದಿತ್ತು. ಗೆದ್ದಲಿನ ಬಾಯಿಗೆ ಬೆರಳಿಡುವಷ್ಟು ಧೈರ್ಯವಿದ್ದವಳಿಗೆ ಇದನ್ನು ಕೇಳುವ ಧೈರ್ಯ ಇರಲಿಲ್ಲ. ಮನೆ ಹೋದದ್ದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಇದು. ಅವಳಿಗೆ ಅಕ್ಕನನ್ನು ಬಿಟ್ಟು ಬದುಕಿ ಗೊತ್ತಿರಲಿಲ್ಲ.

ಶಾಲೆಯಲ್ಲಿ ಅವಳು ಪುಸ್ತಕ ತೆರೆದು ಬೋರ್ಡಿನ ಮೇಲೆ ಬರೆದಳು: ಹುಲ್ಲು, ಜಿಂಕೆ, ಸಿಂಹ.

ತರಗತಿ ಪೆನ್ನು ಎತ್ತಲಿಲ್ಲ. ‘ಮಿಸ್, ಹಿತ್ತಲಿಗೆ ಹೋಗಲ್ವಾ?’

‘ಇನ್ಮೇಲೆ ಇಲ್ಲ. ಸಿಂಹ ಬರ್ಕೊಳ್ಳಿ.’

‘ಮಿಸ್,’ ಸೀಮೆಸುಣ್ಣ ಎದ್ದು ನಿಂತಳು. ಈಗ ಅವಳು ಹತ್ತನೆಯ ತರಗತಿ, ಇನ್ನೂ ಉದ್ದವಾಗಿದ್ದಳು. ‘ಅವತ್ತು ನಾನು ಕೇಳಿದ್ನಲ್ಲ, ಅವು ಎಲ್ಲಿಗೆ ಹೋದ್ವು?’

ಟೀಚರ್ ಸಿಂಹವನ್ನು ಅರ್ಧ ಅಳಿಸಿ ನಿಂತಳು. ಆಮೇಲೆ ಕುರ್ಚಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಮೊಳೆ ಬಂದದ್ದು, ಕೈ ಒಳಗೆ ಹೋದದ್ದು, ತಾನು ಫೋಟೊ ಎಂದದ್ದು. ಫೋಟೊ ಎಂದಾಗ ಮಕ್ಕಳು ಗೊಳ್ಳೆಂದು ನಕ್ಕರು, ಅವಳೂ ನಕ್ಕಳು. ಮನೆ ಬಿಡಬೇಕು ಎಂದಾಗ ಯಾರೂ ನಗಲಿಲ್ಲ.

‘ನಾವು ಚಪ್ಪಾಳೆ ಹೊಡೆದ್ವಲ್ಲ ಮಿಸ್,’ ಎಂದಳು ಸೀಮೆಸುಣ್ಣ.

‘ನೀವು ನನ್ನ ನೋಡಿ ಹೊಡೆದ್ರಿ.’

ಅಂದು ಸಂಜೆ ಮಕ್ಕಳು ತಾವಾಗಿ ಬಂದರು. ಹಿತ್ತಲಿಗಲ್ಲ, ಮುಂಬಾಗಿಲಿಗೆ. ಒಳಗೆ ಬರಲು ಹೆದರಿ, ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತ ನಿಂತರು. ಅಕ್ಕ ಮೆಷಿನ್ನು ನಿಲ್ಲಿಸಿ ನೋಡಿದಳು.

‘ಯಾಕ್ರೋ, ಗುಂಡಿ ಕಿತ್ತುಹೋಯ್ತಾ ಎಲ್ಲರದ್ದೂ ಒಟ್ಟಿಗೆ?’

‘ಇಲ್ಲ ದೊಡ್ಡಮ್ಮ. ತಪ್ಪಾಯ್ತು.’

ಅಕ್ಕ ದೊಡ್ಡ ಕತ್ತರಿ ಎತ್ತಿಕೊಂಡು ಎದ್ದಳು. ‘ಬನ್ನಿ. ನಿಮ್ಮ ಮಿಸ್ ಹಿತ್ತಲಲ್ಲಿ ಪಾಠ ಮಾಡಿದ್ಳು. ನಾನು ಒಳಗೆ ಮಾಡ್ತೀನಿ. ನೀನೂ ಬಾರೇ, ಅಲ್ಲೇನು ಕಂಬದ ಹಾಗೆ ನಿಂತಿದ್ದೀಯ? ಕಂಬಕ್ಕೂ ಗೆದ್ದಲು ಹಿಡಿಯುತ್ತೆ.’

ಎಷ್ಟೋ ದಿನಗಳ ಮೇಲೆ ಗೋಡೆಗಲ್ಲದೆ ತನಗೆ ಹೇಳಿದ ಮಾತು. ಟೀಚರ್ ಮಕ್ಕಳ ಸಾಲಿನ ಕೊನೆಯಲ್ಲಿ ಸೇರಿಕೊಂಡಳು.

ಅಕ್ಕ ಮುಂಬಾಗಿಲಿಗೆ ಕತ್ತರಿಯ ಹಿಡಿಕೆಯಿಂದ ಕುಟ್ಟಿದಳು. ಡೊಳ್ಳು ಸದ್ದು. ‘ಇದು ನನ್ನ ಯಜಮಾನರು ಮೊದಲು ಮಾಡಿದ್ದು. ಕೀಲು ತಿರುಗಾಮುರುಗಾ ಹಾಕಿ, ಬಾಗಿಲು ಬೀದಿ ಕಡೆ ತೆಗೀತಿತ್ತು. ಪೋಸ್ಟಿನವನ ಹಣೆಗೆ ಬಡಿದ ಮೇಲೆ ಸರಿಮಾಡಿದ್ರು.’ ನಡುಮನೆಯದಕ್ಕೆ ಕುಟ್ಟಿದಳು. ಡೊಳ್ಳು. ಅದರ ಕತೆ. ಬಚ್ಚಲಿನದು. ಡೊಳ್ಳು. ಅದರ ಮೂರು ಬಣ್ಣದ ಕತೆ. ಮಕ್ಕಳೂ ಕುಟ್ಟಿದರು, ಕಿವಿಯಿಟ್ಟು ಕೇಳಿದರು. ಟೀಚರ್ ಇಷ್ಟು ವರ್ಷ ದಾಟಿ ಓಡಾಡಿದ ಬಾಗಿಲುಗಳ ಕತೆಗಳಲ್ಲಿ ಅರ್ಧವನ್ನು ಅಂದೇ ಮೊದಲ ಸಲ ಕೇಳಿದಳು.

ಕೊನೆಗೆ ಅಡುಗೆಮನೆ. ಅಕ್ಕ ಕುಟ್ಟಿದಳು. ಟಣ್ ಎಂದಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸೀಮೆಸುಣ್ಣ ಮತ್ತೆ ಕುಟ್ಟಿದಳು. ಟಣ್. ಹಲಗೆ ಗಟ್ಟಿ, ಚೌಕಟ್ಟು ಗಟ್ಟಿ.

‘ಹೊಗೆ!’ ಎಂದ ಒಬ್ಬ. ‘ಹೊಗೆಗೆ ಹೆದರಿ ಬಂದಿಲ್ಲ. ಎರಡು ಮಾರ್ಕಿನ ಪ್ರಶ್ನೆ.’

ಟೀಚರಿಗೆ ತುಸು ಜೀವ ಬಂತು. ಇಡೀ ಮನೆಯಲ್ಲಿ ಅವಳು ಸರಿ ಹೇಳಿದ್ದು ಇದೊಂದಾದರೂ ಉಳಿಯಿತಲ್ಲ.

‘ಯಾವ ಹೊಗೆ?’ ಎಂದಳು ಅಕ್ಕ. ‘ಗ್ಯಾಸ್ ಬಂದು ಎಷ್ಟು ಕಾಲ ಆಯ್ತು, ಈ ಮನೇಲಿ ಹೊಗೆ ಎಲ್ಲಿದೆ?’

‘ಮತ್ತೆ... ಯಾಕಕ್ಕ ಬರಲಿಲ್ಲ?’

ಅಕ್ಕ ಬಾಗಿಲ ಹಿಂದಕ್ಕೆ ಕೈಹಾಕಿ ಪೊರಕೆಯನ್ನು ಎತ್ತಿ ತೋರಿಸಿದಳು. ‘ಇದಕ್ಕೆ. ನೀನು ಸ್ಕೂಲಿಗೆ ಹೋದ ಮೇಲೆ ದಿನಾ ಈ ಕಡೆ ಬಂದಷ್ಟನ್ನ ಗುಡಿಸಿಹಾಕ್ತಿದ್ದೆ. ಈ ಹಲಗೆ ಒಂದನ್ನ ಕೊಡೋಕೆ ನನಗೆ ಮನಸ್ಸು ಬರಲಿಲ್ಲ.’

ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಸಿದ್ಧಾಂತ, ಬೋರ್ಡಿನ ಚಿತ್ರ, ಪರಿವೀಕ್ಷಕರು ತಲೆದೂಗಿದ್ದು, ಎಲ್ಲವೂ ಒಂದು ಪೊರಕೆಯ ಏಟಿಗೆ ಹೋಯಿತು. ಟೀಚರ್ ನಗಲು ಬಾಯಿ ತೆರೆದಳು. ನಗು ಬರಲಿಲ್ಲ, ಬೇರೊಂದು ಮಾತು ಬಂತು.

‘ಇದನ್ನ ಗುಡಿಸಿದವಳು ಅದನ್ನೂ ಗುಡಿಸಬಾರದಾಗಿತ್ತಾ ಅಕ್ಕಾ?’

‘ಅದು ನಿನ್ನ ಪಾಠ ಅಂದೆಯಲ್ಲೇ.’ ಅಕ್ಕ ಪೊರಕೆಯನ್ನು ಮತ್ತೆ ಬಾಗಿಲ ಹಿಂದೆ ಇಟ್ಟಳು. ‘ಮುಟ್ಟಬೇಡ, ನಾನು ನೋಡ್ಕೊಳ್ತೀನಿ ಅಂದೆ. ಎಷ್ಟು ಓದಿದ್ದಾಳೆ, ಎಲ್ಲಿ ನಿಲ್ಲಿಸಬೇಕು ಅಂತ ಅವಳಿಗೆ ಗೊತ್ತಿರುತ್ತೆ ಅಂದ್ಕೊಂಡೆ. ಸೂರಿನ ಹತ್ತಿರ ಹೋದಾಗಲೂ ಅಂದ್ಕೊಂಡೆ. ನಿನ್ನ ಮೇಲಿನ ಸಿಟ್ಟಲ್ಲ ಕಣೇ ಇದು. ಬಾಯಿ ಇಟ್ಟುಕೊಂಡು ಸುಮ್ಮನೆ ಕೂತ್ನಲ್ಲ, ಆ ಸಿಟ್ಟು.’

ಮಕ್ಕಳು ನೆಲ ನೋಡುತ್ತಿದ್ದರು.

‘ಸೀಮೆಸುಣ್ಣ,’ ಎಂದಳು ಟೀಚರ್, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ. ‘ಹೋದ ವರ್ಷ ಈ ಪ್ರಶ್ನೆಗೆ ನೀನೇನು ಬರೆದಿದ್ದೆ?’

‘ಗೊತ್ತಿಲ್ಲ, ದೊಡ್ಡಮ್ಮನನ್ನ ಕೇಳಬೇಕು ಅಂತ ಮಿಸ್.’

‘ನಾನೆಷ್ಟು ಕೊಟ್ಟೆ?’

‘ಸೊನ್ನೆ ಮಿಸ್.’

‘ಇಡೀ ಕ್ಲಾಸಿನಲ್ಲಿ ಅದೊಂದೇ ಸರಿ. ಆ ಸೊನ್ನೆ ನನಗೆ ಕೊಟ್ಟುಬಿಡು. ನನ್ನ ಪ್ರಶಸ್ತಿ ಪತ್ರಾನ ನೀನು ಇಟ್ಕೊ, ಅದನ್ನೂ ಗೆದ್ದಲು ತಿಂದಿದೆ.’

ಆಗ ಅಕ್ಕ ನಕ್ಕಳು. ಮಕ್ಕಳು ನಕ್ಕರು. ಮುಂದಿನ ವಾರದಿಂದ ಪಾಠ ಶಾಲೆಯಲ್ಲೇ ನಡೆಯಿತು. ಸಿಮೆಂಟು ಅಂಗಳದ ಮೂಲೆಯಲ್ಲಿ ಬಿರುಕೊಂದು ಬಿಟ್ಟಿತ್ತು, ಅದರಲ್ಲಿ ಇರುವೆಯ ಸಾಲು. ಹೆಡ್ ಮಾಸ್ಟರ ಎದೆ ಒಂದಿಷ್ಟು ಕುಗ್ಗಿತು, ಅಷ್ಟೇ. ಮೂರು ಪ್ರಶ್ನೆಗಳಿಗೆ ನಾಲ್ಕನೆಯದೊಂದು ಸೇರಿತ್ತು: ಇದು ನಡೆಯುವಾಗ ನಾನು ಎಲ್ಲಿ ನಿಂತಿದ್ದೇನೆ? ಮಕ್ಕಳು ಬರೆದ ಉತ್ತರಗಳನ್ನು ಟೀಚರ್ ಕೆಂಪು ಪೆನ್ನಿಲ್ಲದೆ ಓದುತ್ತಿದ್ದಳು. ‘ನಾನು ಇರುವೆಯ ದಾರಿಯ ಮೇಲೆಯೇ ನಿಂತಿದ್ದೆ. ಸರಿದು ನಿಂತೆ’ ಎಂದು ಒಬ್ಬ ಬರೆದಿದ್ದ. ಯಾವ ವರ್ಷದ ಯಾವ ಉತ್ತರವೂ ಅವಳಿಗೆ ಅಷ್ಟು ಹಿಡಿಸಿರಲಿಲ್ಲ.

ಮನೆ ಬಿಡುವ ದಿನ ಬಡಗಿ ಬಂದು ಅಡುಗೆಮನೆಯ ಬಾಗಿಲನ್ನು ಕೀಲಿನಿಂದ ಬಿಡಿಸಿ ಕೈಗಾಡಿಯ ಮೇಲೆ ಇಟ್ಟ. ಮಹಡಿಯ ರೂಮಿನಲ್ಲಿ ಅದಕ್ಕೆ ನಾಲ್ಕು ಕಾಲು ಕೊಟ್ಟು ಬಟ್ಟೆ ಕತ್ತರಿಸುವ ಮೇಜು ಮಾಡುವುದು ಎಂದು ಅಕ್ಕ ತೀರ್ಮಾನಿಸಿದ್ದಳು. ಮೇಜಾಗಬೇಕಿದ್ದ ಹಲಗೆ ಬಾಗಿಲಾಗಿ, ಬಾಗಿಲು ಮತ್ತೆ ಮೇಜಾಗಲು ಹೊರಟಿತ್ತು. ಎದುರು ಮನೆಯ ಹೆಂಗಸು ಬಂದು ಅಕ್ಕನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು. ಒರೆಸಿಕೊಂಡು, ‘ಟೀಚರ್, ಅಲ್ಲಿ ಮಹಡಿ ಮೇಲೆ ಹುಳ ಸಿಗುತ್ತೋ ಇಲ್ವೋ?’ ಎಂದು ಕೇಳಿಯೇಬಿಟ್ಟಳು.

‘ಹುಳದ ಟೀಚರ್ ಇದ್ದಲ್ಲಿ ಹುಳಕ್ಕೇನು ಕೊರತೆ,’ ಎಂದಳು ಟೀಚರ್. ನಗಲಿಲ್ಲ. ತನ್ನ ಟ್ರಂಕನ್ನು ಕೈಗಾಡಿಯ ಮೇಲೆ ಏರಿಸದೆ ಗೇಟಿನ ಹತ್ತಿರವೇ ಇಟ್ಟುಕೊಂಡು ನಿಂತಿದ್ದಳು. ಒಂದೇ ರೂಮು ಎಂಬ ಮಾತು ಇನ್ನೂ ಕಿವಿಯಲ್ಲೇ ಕುಳಿತಿತ್ತು.

‘ಅದನ್ನ ಯಾಕೆ ಅಲ್ಲಿಟ್ಟೆ?’ ಎಂದಳು ಅಕ್ಕ.

‘ನಾನು ಹಾಸ್ಟೆಲ್ಲಲ್ಲಿ ಕೇಳಿದ್ದೀನಿ. ನಮ್ಮ ಡ್ರಿಲ್ ಟೀಚರ್ ಇರೋ ಕಡೆ...’

‘ನಿನ್ನ ತಲೆ. ನಾನು ಟೇಪು ಹಿಡಿದು ಅಳೆದು ಬಂದಿದ್ದೀನಿ. ಮೆಷಿನ್ನು ಕಿಟಕಿ ಕಡೆ, ಮೇಜು ಮಧ್ಯ, ಎರಡು ಹಾಸಿಗೆ ಆ ಗೋಡೆಗೆ. ನೀನು ಮೊಣಕೈ ಅಗಲಿಸಿ ಮಲಗಬಾರದು, ಅಷ್ಟೇ.’ ಅಕ್ಕ ಟ್ರಂಕಿನ ಒಂದು ಹಿಡಿ ಹಿಡಿದು ಕಾದಳು. ‘ಎತ್ತು. ಇನ್ನೊಂದು ಮಾತು. ಪೊರಕೆ ನನ್ನ ಕೈಯಲ್ಲಿ. ನಾನು ಗುಡಿಸು ಅಂದ್ರೆ ಗುಡಿಸಬೇಕು, ಪಾಠ ಗೀಠ ಅನ್ನಬಾರದು.’

‘ಆಯ್ತಕ್ಕ.’

‘ನಾನೂ ಇನ್ಮೇಲೆ ಬಾಯಿ ಮುಚ್ಕೊಂಡಿರಲ್ಲ.’

‘ಮೊದಲು ಯಾವಾಗ ಮುಚ್ಕೊಂಡಿದ್ದೆ?’

‘ಒಂದೇ ಒಂದು ಸಲ. ನೋಡಿದೆಯಲ್ಲ ಗತಿ.’

ಟ್ರಂಕು ಗಾಡಿ ಏರಿತು. ‘ಬೀಗ ಹಾಕ್ಕೊಂಡು ಬರ್ತೀನಿ,’ ಎಂದು ಟೀಚರ್ ಒಬ್ಬಳೇ ಒಳಗೆ ಹೋದಳು.

ಖಾಲಿ ನಡುಮನೆ, ಖಾಲಿ ಅಡುಗೆಮನೆ. ಬಾಗಿಲಿಲ್ಲದ ಕಂಡಿಯಿಂದ ಹಿತ್ತಲು ಪೂರ್ತಿ ಕಾಣುತ್ತಿತ್ತು. ಹೋಗಿ ಗೋಡೆಯ ಮುಂದೆ ನಿಂತಳು. ಸೀಮೆಸುಣ್ಣದ ಗೀಟುಗಳು ಒಂದರ ಮೇಲೊಂದು ಸೂರಿನವರೆಗೂ ಏರಿದ್ದವು. ಕೈ ಸುಮ್ಮನಿರಲಿಲ್ಲ. ಕೊಳವೆಯನ್ನು ಉಗುರಿನಷ್ಟು ಒಡೆದು ಕಾದಳು. ದಪ್ಪ ತಲೆಯದೊಂದು ಬಂದು ಇಣುಕಿತು. ಅದರ ಹಿಂದೆ ಮಣ್ಣುಂಡೆ ಹೊತ್ತವು ಬಂದವು. ಈ ಸಲ ಯಾರಿಗೂ ವಿವರಿಸದೆ ನೋಡಿದಳು. ಈಗ ತಲೆಯೆತ್ತಿ ಸೂರನ್ನೂ ನೋಡಿದಳು. ಅದು ನಡುವೆ ಬಗ್ಗಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಒಂದನೆಯ ತರಗತಿಯ ಮಗುವೂ ಓದಬಹುದಿತ್ತು.

‘ಸರಿ, ನಿಮ್ಮ ಮನೆ ನೀವು ನೋಡ್ಕೊಳ್ಳಿ,’ ಎಂದು ಅವುಗಳಿಗೆ ಹೇಳಿ ಮುಂಬಾಗಿಲಿಗೆ ಬಂದಳು. ಭಾವನ ಕೆಂಪು ಬಾಗಿಲನ್ನು ಹಸುಗೂಸನ್ನು ಮಲಗಿಸುವಂತೆ ಮೆಲ್ಲಗೆ ಎಳೆದುಕೊಂಡಳು. ಚಿಲಕ ಹಾಕಿದಳು. ಬೀಗ ಸಿಕ್ಕಿಸಿ ಒತ್ತಿದಳು. ಬೀಗ ಕಟ್ ಎಂದು ಬಿದ್ದುಕೊಂಡಿತು. ಆಮೇಲೆ ಚಿಲಕ, ಅದರ ಕೊಂಡಿ, ಮೊಳೆಗಳು, ಒಂದಿಷ್ಟು ಹುಡಿ, ಎಲ್ಲವೂ ಬೀಗದ ಸಮೇತ ಅವಳ ಅಂಗೈಗೆ ಬಂದವು.

ಬಾಗಿಲು ತಾನಾಗಿಯೇ ಒಂದು ಗೇಣು ತೆರೆದುಕೊಂಡಿತು.

‘ಹಾಕಿದೆಯೇನೇ ಬೀಗ?’ ಬೀದಿಯಿಂದ ಅಕ್ಕ ಕೂಗಿದಳು.

‘ಬೀಗ ಹಾಕಿದೆ ಅಕ್ಕಾ,’ ಎಂದಳು ಟೀಚರ್. ‘ಬಾಗಿಲು ಮಾತ್ರ ಹಾಕಕ್ಕಾಗಲಿಲ್ಲ.’

ಬೀಗ, ಚಿಲಕ, ಹುಡಿ ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮೆಟ್ಟಿಲು ಇಳಿದು, ಗೇಟು ದಾಟಿ, ಕೈಗಾಡಿಯ ಹಿಂಬದಿಗೆ ಕೈಕೊಟ್ಟು ಅಕ್ಕನ ಪಕ್ಕದಲ್ಲಿ ತಳ್ಳತೊಡಗಿದಳು.